ತಿಳಿನೀರು, ಟ್ರೌಟ್ ಮೀನು, ಗೋಕಾಕದ ಗಾಳಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಗೋಕಾಕ. ಬಿದಿರು ಕೋಲು, ಬೆಂಡು, ಎರೆಹುಳ ಹಿಡಿದುಕೊಂಡು ಘಟಪ್ರಭೆಯ ದಂಡೆಯಲ್ಲಿ ಬೆಳೆದವನು ನಾನು. ಕೆಲವು ವರ್ಷಗಳಿಂದ ಹಿಮಾಚಲದ ತೀರ್ಥನ್ ನದಿಗೆ ಹೋಗಿ ಫ್ಲೈ ಫಿಶಿಂಗ್ ಮಾಡುತ್ತಿದ್ದೇನೆ, ಅಂದರೆ ಹುಳದ ಹಾಗೆ ಕಟ್ಟಿದ ಹಗುರ ಗೊಂಬೆ ಬೀಸಿ ಟ್ರೌಟ್ ಮೀನು ಹಿಡಿಯುವುದು. ಇದು ಗೊತ್ತಾದ ಮೇಲೆ ಹುಕ್ಕೇರಿ, ಜಮಖಂಡಿ, ವಿಜಯಪುರದ ಗೆಳೆಯರೆಲ್ಲ ಅದದೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಘಟಪ್ರಭೆಯಲ್ಲಿ ಟ್ರೌಟ್ ಸಿಗುತ್ತದಾ?

ಇಲ್ಲ. ಮಲಪ್ರಭೆ, ಮಾರ್ಕಂಡೇಯ, ಕೃಷ್ಣೆ, ಎಲ್ಲೂ ಇಲ್ಲ. ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಇದ್ದರೆ ಅದಕ್ಕೆ ಹಿತ. 20 ದಾಟಿದರೆ ಸುಸ್ತಾಗುತ್ತದೆ, 25 ದಾಟಿದರೆ ಬದುಕುವುದೇ ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಆಗುತ್ತದೆ, ಟ್ರೌಟಿಗೋ ಅದು ಜಾಸ್ತಿ ಬೇಕು. ನಮ್ಮ ಏಪ್ರಿಲ್ ತಿಂಗಳ ಹೊಳೆಗೆ ಇಳಿದು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಅಸಲಿಗೆ ಟ್ರೌಟ್ ಈ ದೇಶದ ಮೀನೇ ಅಲ್ಲ. ಬ್ರಿಟಿಷರಿಗೆ ತಮ್ಮ ಊರಿನ ಆಟ ಇಲ್ಲೂ ಬೇಕಾಗಿತ್ತು. ಸ್ಕಾಟ್ಲೆಂಡಿನಿಂದ ಬ್ರೌನ್ ಟ್ರೌಟಿನ ಮೊಟ್ಟೆ ತರಿಸಿ 1900ರಲ್ಲಿ ಕಾಶ್ಮೀರದಲ್ಲಿ ಮರಿ ಮಾಡಿಸಿದರು. ಹಿಮಾಚಲದ ಕುಲ್ಲು ಕಡೆಗೆ ಬಂದದ್ದು ಆಮೇಲೆ. ರೇನ್‌ಬೋ ಟ್ರೌಟ್ ಇನ್ನೂ ದೂರದ್ದು, ಅದರ ಮೂಲ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಡೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಯಾವಾಗ?

ನಾನು ಹೋಗುವುದು ತೀರ್ಥನ್ ಕಣಿವೆಗೆ. ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಯ ನಿಜಾಮುದ್ದೀನ್. ಅಲ್ಲಿಂದ ಮನಾಲಿ ಬಸ್ಸು ಹಿಡಿದು ಔಟ್ ಎಂಬಲ್ಲಿ ಇಳಿಯಬೇಕು. ಅಲ್ಲಿ ಒಂದು ಉದ್ದನೆಯ ಸುರಂಗ ಇದೆ, ಸುರಂಗಕ್ಕೆ ಮೊದಲೇ ಇಳಿಸಿ ಅಂತ ಕಂಡಕ್ಟರಿಗೆ ಹೇಳಿಟ್ಟಿರಿ. ಆಮೇಲೆ ಬಂಜಾರ್, ಗುಶೈನಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಗಿಂದ ಬರುವ ನದಿ ಇದು. ಲಾರ್ಜಿಯ ಹತ್ತಿರ ಬಿಯಾಸ್ ಸೇರುತ್ತದೆ. ಕಾಶ್ಮೀರದ ಲಿಡ್ಡರ್ ನದಿ ಇದಕ್ಕಿಂತ ಹೆಸರುವಾಸಿ. ಹತ್ತಿರದ್ದೇ ಬೇಕು ಎಂದರೆ ನೀಲಗಿರಿ ಮತ್ತು ಮುನ್ನಾರ್ ಕಡೆಯ ಮೇಲಿನ ಹಳ್ಳಗಳಲ್ಲೂ ಟ್ರೌಟ್ ಇದೆ. ಆದರೆ ಅಲ್ಲಿ ಬಹಳಷ್ಟು ಜಾಗ ಅರಣ್ಯದ ಒಳಗಿದೆ, ಮೊದಲೇ ಅನುಮತಿ ಕೇಳಬೇಕು.

ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿ ಮುಗಿಯುವ ತನಕ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಮಾರ್ಚ್ ಮತ್ತು ಏಪ್ರಿಲ್ ಒಳ್ಳೆಯದು. ಬೇಸಿಗೆ ಏರಿದಂತೆ ಹಿಮ ಕರಗಿ ನೀರು ಮಸುಕಾಗುತ್ತದೆ, ಜುಲೈ ಆಗಸ್ಟಿನಲ್ಲಿ ಮಳೆಯ ರಾಡಿ. ಸೆಪ್ಟೆಂಬರ್ ಕೊನೆಗೆ ನದಿ ಮತ್ತೆ ತಿಳಿಯಾಗುತ್ತದೆ. ನನಗೆ ಇಷ್ಟ ಅಕ್ಟೋಬರ್. ನೀರು ಎಷ್ಟು ತಿಳಿ ಅಂದರೆ ಆಳ ಗೊತ್ತಾಗುವುದಿಲ್ಲ. ಮೊಣಕಾಲುದ್ದ ಇರಬಹುದು ಅಂತ ಕಾಲಿಟ್ಟು ಸೊಂಟದ ತನಕ ತೊಯ್ದುಕೊಂಡಿದ್ದೇನೆ.

ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ನಿಯಮಗಳನ್ನು ಲೈಸೆನ್ಸ್ ಮಾಡಿಸುವಾಗಲೇ ಕೇಳಿಕೊಳ್ಳಿ.

ಫ್ಲೈ ಅಂದರೆ ನೊಣ ಅಲ್ವಾ? ನೊಣ ಸಿಕ್ಕಿಸುವುದಾ?

ನಿಜವಾದ ನೊಣ ಅಲ್ಲ. ಸಣ್ಣ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡಿದ ಗೊಂಬೆ. ಮುಂದೆ ನಾನು ಗಾಳದ ಹುಳ ಎಂದರೆ ಇದೇ. ಅದಕ್ಕೆ ತೂಕವೇ ಇಲ್ಲ. ನಮ್ಮ ಗಾಳದಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಬೀಸುವ ದಾರವೇ ದಪ್ಪ, ಅದಕ್ಕೇ ತೂಕ. ದಾರ ಹೋಗುತ್ತದೆ, ಹುಳ ಅದರ ಬಾಲ ಹಿಡಿದು ಹೋಗುತ್ತದೆ. ಉಳಿದದ್ದೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ಬೀಸುವುದು ಕಷ್ಟನಾ?

ಬಾರುಕೋಲು ಬೀಸಿ ಗೊತ್ತಿದ್ದವರಿಗೆ ಅರ್ಧ ಬರುತ್ತದೆ, ಇನ್ನರ್ಧ ಮರೆಯಬೇಕಾಗುತ್ತದೆ. ಎತ್ತಿನ ಗಾಡಿಯಲ್ಲಿ ಬಾರುಕೋಲು ಛಟ್ ಅಂದರೆ ಅದು ಕೈಚಳಕ. ಇಲ್ಲಿ ದಾರ ಛಟ್ ಅಂದರೆ ಹುಳ ಕಿತ್ತು ಹೋಯಿತು ಎಂದೇ ಅರ್ಥ. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದರೆ ಹೀಗಾಗುತ್ತದೆ. ಹಿಂದಕ್ಕೆ ಬೀಸಿ, ನಿಲ್ಲಿ, ದಾರ ನೆಟ್ಟಗಾಗಲಿ, ಆಮೇಲೆ ಮುಂದಕ್ಕೆ. ಗಡಿಯಾರ ಅಂದುಕೊಂಡರೆ ರಾಡ್, ಅಂದರೆ ಗಾಳದ ಕೋಲು, ಹಿಂದೆ ಒಂದು ಗಂಟೆಯ ಹತ್ತಿರ ನಿಲ್ಲಬೇಕು, ಮುಂದೆ ಹತ್ತರ ಹತ್ತಿರ. ಮಣಿಕಟ್ಟು ಜಾಸ್ತಿ ಬಗ್ಗಿಸಬಾರದು.

ನಾನು ಕಲಿತದ್ದು ಕಬ್ಬು ಕಡಿದ ಹೊಲದಲ್ಲಿ. ಕೊಕ್ಕೆ ಇಲ್ಲದೆ, ದಾರದ ತುದಿಗೆ ಒಂದು ತುಣುಕು ಕೆಂಪು ಉಣ್ಣೆ ಕಟ್ಟಿ ಬೀಸುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಕಾಕಾ ಹತ್ತಿರ ಬಂದು, "ತಮ್ಮಾ, ನೀರ ಎಲ್ಲೈತೋ?" ಅಂತ ಕೇಳಿಯೇ ಬಿಟ್ಟರು.

ಕಣಿವೆಯಲ್ಲಿ ಇನ್ನೊಂದು ತೊಂದರೆ. ಹಿಂದೆ ಬಂಡೆ, ಮೇಲೆ ಮರ, ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ. ಅಲ್ಲಿ ರೋಲ್ ಕಾಸ್ಟ್ ಬೇಕು. ನೀರಿನ ಮೇಲಿರುವ ದಾರವನ್ನು ನಿಧಾನಕ್ಕೆ ಹಿಂದೆ ಎಳೆದುಕೊಂಡು, ಕಿವಿಯ ಪಕ್ಕದಲ್ಲಿ ಒಂದು ಸುತ್ತು ಬಿಟ್ಟು, ಅಲ್ಲಿಂದಲೇ ಮುಂದಕ್ಕೆ ಉರುಳಿಸುವುದು. ಇದನ್ನು ಹೊಲದಲ್ಲಿ ಕಲಿಯಲಾಗುವುದಿಲ್ಲ. ದಾರವನ್ನು ನೀರು ಹಿಡಿದುಕೊಂಡರೆ ಮಾತ್ರ ರಾಡ್ ಬಾಗುತ್ತದೆ.

ನೀರು ಗಾಜಿನ ಹಾಗಿದೆ, ಮೀನು ಕಣ್ಣೆದುರಿಗೇ ಕಾಣುತ್ತಿದೆ. ಆದರೂ ಯಾಕೆ ಕಚ್ಚುವುದಿಲ್ಲ?

ಯಾಕೆಂದರೆ ನಿಮಗೆ ಅದು ಕಾಣುವ ಮೊದಲೇ ಅದಕ್ಕೆ ನೀವು ಕಂಡಿದ್ದೀರಿ. ಮೊದಲ ಪ್ರವಾಸದಲ್ಲಿ ನಾಲ್ಕು ದಿನ ನಾನು ಹುಳ ಬದಲಿಸುತ್ತಲೇ ಇದ್ದೆ. ತಪ್ಪು ಹುಳದ್ದಲ್ಲ, ನನ್ನದು. ಬಿಳಿ ಟೊಪ್ಪಿಗೆ ಹಾಕಿಕೊಂಡು, ದೊಡ್ಡ ಬಂಡೆಯ ಮೇಲೆ ಪುತ್ಥಳಿಯ ಹಾಗೆ ನಿಂತಿದ್ದೆ.

ಮೀನು ನೀರಿನೊಳಗಿಂದ ಹೊರಗೆ ನೋಡುವುದು ಒಂದು ದುಂಡನೆಯ ಕಿಟಕಿಯ ಮೂಲಕ. ಬೆಳಕು ನೀರಿಗೆ ಇಳಿಯುವಾಗ ಬಾಗುತ್ತದೆ ಅಲ್ವಾ, ಅದಕ್ಕೇ ಹೊರಗಿನ ಲೋಕವೆಲ್ಲ ಸುಮಾರು 97 ಡಿಗ್ರಿಯ ಕೋನದೊಳಗೆ ಕುಗ್ಗಿ ಕಾಣುತ್ತದೆ. ಮೀನು ಒಂದು ಅಡಿ ಆಳದಲ್ಲಿದ್ದರೆ ಆ ಕಿಟಕಿಯ ಅಗಲ ಎರಡೂಕಾಲು ಅಡಿ. ಆಳಕ್ಕೆ ಹೋದಷ್ಟೂ ಕಿಟಕಿ ದೊಡ್ಡದು. ಕಿಟಕಿಯ ಆಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿ ತಳದ ಕಲ್ಲುಗಳನ್ನೇ ತೋರಿಸುತ್ತಿರುತ್ತದೆ. ಎತ್ತರ ಇರುವುದೆಲ್ಲ ಕಿಟಕಿಯ ನಡುವಿನ ಕಡೆಗೆ ಸ್ಪಷ್ಟವಾಗಿ ಕಾಣುತ್ತದೆ. ನೆಲಕ್ಕೆ ಹತ್ತಿರ ಇರುವುದು ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಹೋಗುತ್ತದೆ. ಹಾಗಾಗಿ 30 ಅಡಿ ದೂರದಲ್ಲಿ ಮೊಣಕಾಲೂರಿ ಕೂತವನು ಮೀನಿಗೆ ಇದ್ದೂ ಇಲ್ಲದ ಹಾಗೆ. ಅಲ್ಲೇ ಎದ್ದು ನಿಂತು ಕೈ ಎತ್ತಿದರೆ ಕಥೆ ಮುಗಿಯಿತು.

ಇದರ ಜೊತೆಗೆ ಇನ್ನೆರಡು ವಿಷಯ. ಒಂದು, ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಊಟ ಮೇಲಿನಿಂದ ತೇಲಿ ಬರುವುದರಿಂದ. ನೇರ ಬೆನ್ನ ಹಿಂದೆ ಅದಕ್ಕೆ ಕಾಣುವುದಿಲ್ಲ. ನೀವು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಎರಡು, ಅದಕ್ಕೆ ಮೈ ಪಕ್ಕದಲ್ಲೇ ಕಿವಿ ಇದ್ದ ಹಾಗೆ. ಮೈಯುದ್ದಕ್ಕೂ ಇರುವ ಒಂದು ಗೆರೆಯಿಂದ ನೀರಿನ ಅಲುಗಾಟ ತಿಳಿಯುತ್ತದೆ. ನೀವು ಮಾತಾಡಿದರೆ ಅದಕ್ಕೆ ಅಷ್ಟು ತೊಂದರೆ ಇಲ್ಲ. ಉರುಟು ಕಲ್ಲಿನ ಮೇಲೆ ಬೂಟು ಜಾರಿ ಕಲ್ಲಿಗೆ ಕಲ್ಲು ತಾಗಿದರೆ ಇಡೀ ಮಡುವಿಗೆ ಸುದ್ದಿ ಹೋಗುತ್ತದೆ.

ಇದನ್ನೆಲ್ಲ ನೋಡಿ ಕಲಿಯಲು ಹಿಮಾಲಯಕ್ಕೇ ಹೋಗಬೇಕಾಗಿಲ್ಲ. ಧೂಪದಾಳದ ಒಡ್ಡಿನ ಹತ್ತಿರ, ಘಟಪ್ರಭಾ ಪಕ್ಷಿಧಾಮದಲ್ಲಿ ಒಂದು ಬೆಳಗ್ಗೆ ಕೂತು ಕೊಕ್ಕರೆ ನೋಡಿ. ಒಂದು ಕಾಲು ಎತ್ತಿ ಇನ್ನೊಂದನ್ನು ಇಡುವುದರೊಳಗೆ ನಿಮ್ಮ ಚಹಾ ತಣ್ಣಗಾಗಿರುತ್ತದೆ. ಅಲ್ಲಿ ಗಾಳ ಹಾಕಬೇಡಿ, ಸುಮ್ನೆ ನೋಡಿ.

ಬಟ್ಟೆ ಯಾವ ಬಣ್ಣ?

ಬೂದಿ, ಕಂದು, ಮಸುಕು ಹಸಿರು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ಹೊಳೆಯುತ್ತದೆ.

ಮೀನು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?

ಮೀನು ಹುಡುಕಬೇಡಿ, ನೆರಳು ಹುಡುಕಿ. ಟ್ರೌಟಿನ ಬೆನ್ನು ಕಲ್ಲಿನ ಬಣ್ಣವೇ. ಆದರೆ ಬಿಸಿಲಿದ್ದಾಗ ತಳದಲ್ಲಿ ಅದರ ನೆರಳು ಬೀಳುತ್ತದೆ, ಬಾಲ ಆಡಿದಂತೆ ನೆರಳೂ ಆಡುತ್ತದೆ. ಕೆಲವೊಮ್ಮೆ ಬಾಯಿ ತೆರೆದಾಗ ಒಂದು ಕ್ಷಣ ಬಿಳಿ ಮಿಂಚುತ್ತದೆ. ನೀರಿನ ಮೇಲಿನ ಹೊಳಪು ಅಡಗಿಸುವ ಪೋಲರೈಸ್ಡ್ ಕನ್ನಡಕ ಇಲ್ಲದೆ ಇದ್ಯಾವುದೂ ಕಾಣದು. ಮೊದಲ ಖರ್ಚು ಮಾಡುವುದಿದ್ದರೆ ಅದಕ್ಕೇ ಮಾಡಿ, ರಾಡಿಗಿಂತ ಮೊದಲು.

ಜಾಗ ಎಂದರೆ ವೇಗದ ನೀರೂ ನಿಧಾನದ ನೀರೂ ಕೂಡುವ ಗೆರೆ. ಮೀನು ನಿಧಾನದ ಕಡೆ ನಿಂತು ವೇಗದ ಕಡೆಯಿಂದ ತಿನ್ನುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು ಶೇಂಗಾ ಮಾರುವವನನ್ನು ಕರೆಯುವ ಹಾಗೆ. ಬಂಡೆಯ ಹಿಂದೆ, ಬಂಡೆಯ ಮುಂದಿನ ಸಣ್ಣ ತಗ್ಗಿನಲ್ಲಿ, ಕೊರೆದ ದಂಡೆಯ ಕೆಳಗೆ ನೋಡಿ. ನೊರೆ ಸಾಲಾಗಿ ಎಲ್ಲಿ ತೇಲುತ್ತದೋ ಹುಳಗಳೂ ಅಲ್ಲೇ ತೇಲುತ್ತವೆ.

ಮೀನು ಮೇಲೆ ಬಂದು ಹುಳ ನುಂಗಿದರೆ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಏಳುತ್ತದೆ. ಅಲ್ಲೇ ಹುಳ ಹಾಕಬೇಡಿ! ನೀವು ನೋಡುವ ಹೊತ್ತಿಗೆ ಬಳೆ ಹರಿದು ಕೆಳಗೆ ಬಂದಿರುತ್ತದೆ. ಮೀನು ಅದಕ್ಕಿಂತ ಮೇಲೆ ಇದೆ, ತನ್ನ ಹಳೆ ಜಾಗಕ್ಕೇ ಹೋಗಿ ನಿಂತಿದೆ.

ಕಡಿದಾದ ಕಣಿವೆಯಲ್ಲಿ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಮೀನು ಚೆನ್ನಾಗಿ ಕಾಣುತ್ತದೆ, ಆದರೆ ನಿಮ್ಮ ನೆರಳು ಮುಂದೆ ಓಡಿ ಹೋಗಿ ಚಾಡಿ ಹೇಳುತ್ತದೆ. ಬಂಡೆಯ ನೆರಳಿನೊಳಗೆ ನಿಂತು ಬಿಸಿಲಿನ ನೀರಿಗೆ ಬೀಸುವುದು ನನಗೆ ಕೈಹತ್ತಿದ ಉಪಾಯ.

ದಾರ ಎಷ್ಟು ತೆಳ್ಳಗಿರಬೇಕು?

ದಪ್ಪ ದಾರಕ್ಕೂ ಹುಳಕ್ಕೂ ನಡುವೆ ಲೀಡರ್ ಎಂಬ ಸಪೂರವಾಗುತ್ತಾ ಹೋಗುವ ನೈಲಾನ್ ದಾರ ಇರುತ್ತದೆ. ಸಾಮಾನ್ಯವಾಗಿ 9 ಅಡಿ. ತಿಳಿನೀರಿಗೆ 12 ಅಡಿ ಮಾಡಿಕೊಳ್ಳಿ. ಅದರ ಕೊನೆಯ ಎಳೆ ಟಿಪ್ಪೆಟ್, ಅದನ್ನು 5ಎಕ್ಸ್, 6ಎಕ್ಸ್ ಎಂದು ಅಳೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ಎಳೆ ಸಣ್ಣ. 5ಎಕ್ಸ್ ಎಂದರೆ ಸುಮಾರು 0.15 ಮಿಲಿಮೀಟರ್, 6ಎಕ್ಸ್ ಎಂದರೆ 0.13. ನಾನು ಬಳಸುವುದು 5ಎಕ್ಸ್. 6ಎಕ್ಸ್ ಹಾಕಿದರೆ ಕಚ್ಚುವುದು ಜಾಸ್ತಿ, ಹರಿಯುವುದೂ ಜಾಸ್ತಿ. ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಓಡಿಹೋಗುವ ಮೀನು ನೆನಪಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣಗಂಟು ಬಿಗಿದರೆ ಬಿಸಿಗೆ ನೈಲಾನ್ ಸೋಲುತ್ತದೆ.

ನನ್ನ ಹುಳ ಮೀನಿನ ಮೂಗಿನ ಮೇಲೇ ಹೋದರೂ ತಿರುಗಿ ನೋಡಲಿಲ್ಲ. ನಾನಂತೂ ಬಗ್ಗಿಯೇ ಕೂತಿದ್ದೆ.

ಹಾಗಿದ್ದರೆ ಡ್ರ್ಯಾಗ್. ಹುಳ ಬಿದ್ದ ನೀರು ನಿಧಾನ, ನಡುವೆ ದಾರ ಬಿದ್ದ ನೀರು ವೇಗ. ವೇಗದ ನೀರು ದಾರವನ್ನು ಎಳೆಯುತ್ತದೆ, ದಾರ ಹುಳವನ್ನು ಎಳೆಯುತ್ತದೆ. ಹುಳ ದೋಣಿಯ ಹಾಗೆ ಗೆರೆ ಎಳೆದುಕೊಂಡು ಹೊರಡುತ್ತದೆ. ಸತ್ತ ಹುಳ ಎಲ್ಲಾದರೂ ಹರಿವಿಗೆ ಅಡ್ಡ ಓಡುತ್ತದಾ? ಟ್ರೌಟಿಗೆ ಅಷ್ಟು ಬುದ್ಧಿ ಇದೆ.

ಪಕ್ಕದಲ್ಲಿ ತೇಲುವ ನೊರೆಯ ಗುಳ್ಳೆಯನ್ನೋ ಎಲೆಯನ್ನೋ ನೋಡಿ. ಅದರ ಜೊತೆಯಲ್ಲೇ ನಿಮ್ಮ ಹುಳ ಹೋಗುತ್ತಿದ್ದರೆ ಸರಿ. ಹಿಂದೆ ಬಿದ್ದರೂ ಮುಂದೆ ಹೋದರೂ ತಪ್ಪು. ಪರಿಹಾರ ಎಂದರೆ ದಾರ ನೀರಿಗೆ ಬಿದ್ದ ಕೂಡಲೇ ರಾಡಿನ ತುದಿಯಿಂದ ದಾರದ ಹೊಟ್ಟೆಯನ್ನು ಎತ್ತಿ ಹರಿವಿನ ಮೇಲ್ಗಡೆಗೆ ಹಾಕುವುದು. ಇದಕ್ಕೆ ಮೆಂಡ್ ಎನ್ನುತ್ತಾರೆ. ಇದಕ್ಕಿಂತ ಸುಲಭದ ದಾರಿಯೂ ಇದೆ, ಹತ್ತಿರ ಹೋಗುವುದು. 60 ಅಡಿ ಬೀಸುವವನಿಗಿಂತ 25 ಅಡಿಯ ತನಕ ಸದ್ದಿಲ್ಲದೆ ತೆವಳುವವನಿಗೆ ಮೀನು ಜಾಸ್ತಿ. ನೀರಿನ ಮೇಲೆ ದಾರ ಕಡಿಮೆ ಇದ್ದಷ್ಟೂ ಎಳೆತ ಕಡಿಮೆ.

ಯಾವ ಹುಳ ಬೇಕು? ಮನೆಯಲ್ಲೇ ಕಟ್ಟಬಹುದಾ?

ಮೇಲೆ ತೇಲುವುದಕ್ಕೆ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್. ಒಳಗೆ ಮುಳುಗುವುದಕ್ಕೆ ಫೆಸಂಟ್ ಟೇಲ್, ಹೇರ್ಸ್ ಇಯರ್. ಕೊಕ್ಕೆಯ ಸೈಜ್ 14ರಿಂದ 18. ಇಷ್ಟರಲ್ಲೇ ನಾಲ್ಕು ದಿನ ಕಳೆಯಬಹುದು. ನದಿಗೆ ಹೋದ ಕೂಡಲೇ ಒಂದು ಕಲ್ಲು ಎತ್ತಿ ತಿರುವಿ ನೋಡಿ. ಅಡಿಯಲ್ಲಿ ಅಂಟಿಕೊಂಡಿರುವ ಮರಿಹುಳಗಳೇ ಅವತ್ತಿನ ಅಡುಗೆ. ಗಾತ್ರ ಮತ್ತು ಬಣ್ಣ ಹೊಂದಿದರೆ ಸಾಕು.

ಮನೆಯಲ್ಲಿ ಧಾರಾಳವಾಗಿ ಕಟ್ಟಬಹುದು. ಜವಾರಿ ಹುಂಜದ ಕತ್ತಿನ ಗರಿ ಗಟ್ಟಿ ಇರುತ್ತದೆ, ಚೆನ್ನಾಗಿ ತೇಲುತ್ತದೆ. ಗುಳೇದಗುಡ್ಡದ ಗೆಳೆಯನೊಬ್ಬ ಖಣ ನೇಯುವ ಮನೆಯಿಂದ ಉಳಿದ ರೇಷ್ಮೆ ಎಳೆ ತಂದುಕೊಟ್ಟಿದ್ದ. ಅದರಿಂದ ಕಟ್ಟಿದ ಒಂದು ಕಂದು ಹುಳ ಇನ್ನೂ ನನ್ನ ಡಬ್ಬಿಯಲ್ಲಿದೆ. ನೀರಿಗೆ ಹಾಕಲು ಮನಸ್ಸಾಗಿಲ್ಲ.

ಸಾಮಾನಿಗೆ ಎಷ್ಟು ಖರ್ಚು?

9 ಅಡಿಯ, 4 ಅಥವಾ 5 ವೇಟ್ (ಬೀಸುವ ದಾರದ ತೂಕದ ಅಂಕಿ) ರಾಡ್, ರೀಲು, ದಾರ ಸೇರಿದ ಕಲಿಯುವವರ ಸೆಟ್ಟು ಒಂದು ಸಾದಾ ಸೈಕಲ್ಲಿನ ಬೆಲೆಗೆ ಸಿಗುತ್ತದೆ. ಅಷ್ಟೂ ಬೇಡ ಎಂದರೆ ಜಪಾನಿನ ಟೆಂಕಾರಾ ನೋಡಿ. ರೀಲೇ ಇಲ್ಲ, ಕೋಲಿನ ತುದಿಗೇ ದಾರ ಕಟ್ಟುವುದು. ನಮ್ಮ ಬಿದಿರು ಗಾಳದ ತಮ್ಮ ಅನ್ನಬಹುದು. ಸಣ್ಣ ಬೆಟ್ಟದ ಹಳ್ಳಕ್ಕೆ ಅದೇ ವಾಸಿ.

ಕಚ್ಚಿತು! ಈಗ?

ರಾಡ್ ಮೆಲ್ಲಗೆ ಎತ್ತಿ. ಅಷ್ಟೇ. ಬೆಂಡು ಮುಳುಗಿದಾಗ ಜಗ್ಗುವ ನಮ್ಮ ಚಟ ಇಲ್ಲಿ ನಡೆಯುವುದಿಲ್ಲ. ನನ್ನ ಮೊದಲ ಮೂರು ಮೀನು ಹಾಗೇ ಹೋದವು. ದೊಡ್ಡ ಬ್ರೌನ್ ಟ್ರೌಟ್ ನಿಧಾನಕ್ಕೆ ಬಾಯಿ ಮುಚ್ಚುತ್ತದೆ. ಅದು ತಲೆ ಕೆಳಗೆ ಮಾಡುವ ತನಕ ಕಾಯಬೇಕು. ಓಡಿದರೆ ದಾರ ಬಿಡಿ, ನಿಂತರೆ ಸುತ್ತಿಕೊಳ್ಳಿ.

ಇಲ್ಲೇ ನಮ್ಮ ಕಡೆ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ಮಳೆಗಾಲದಲ್ಲಿ ಕೆಂಪಗೆ ಹರಿಯುವ ಘಟಪ್ರಭೆ ಡಿಸೆಂಬರಿನ ಹೊತ್ತಿಗೆ ತಿಳಿಯಾಗುತ್ತದೆ. ಗೋಕಾಕ ಜಲಪಾತದಲ್ಲಿ 52 ಮೀಟರ್ ಧುಮುಕಿದ ನೀರು ಮರಳುಗಲ್ಲಿನ ಕಡಿದಾದ ಕಣಿವೆಯಲ್ಲಿ ಹೋಗುವುದನ್ನು ತೂಗುಸೇತುವೆಯಿಂದ ನೋಡಿದ್ದೀರಲ್ಲ, ಸೀಳು ಬಂಡೆ, ಮಡು, ಮತ್ತೆ ಓಟ. ಗೊಡಚಿನಮಲ್ಕಿಯ ಮಾರ್ಕಂಡೇಯ, ನವಿಲುತೀರ್ಥದ ಮಲಪ್ರಭೆ ಕೂಡ ಇದೇ ಜಾತಿಯ ಜಾಗ. ಜಲಪಾತದ ಬುಡಕ್ಕೂ ಅಣೆಕಟ್ಟಿನ ಹತ್ತಿರಕ್ಕೂ ಹೋಗಬೇಡಿ. ಕೆಳಗೆ ಹರಿವು ಸಮವಾದ ಕಡೆ ನಿಂತರೆ ಸಾಕು.

ಕೆಂಡೆ ಮೀನುಗಳು ಸಣ್ಣ ಮುಳುಗುಹುಳಕ್ಕೆ ಚೆನ್ನಾಗಿ ಬರುತ್ತವೆ. ತಿಳಿನೀರಿನಲ್ಲಿ ಅವೂ ಟ್ರೌಟಿನಷ್ಟೇ ಪುಕ್ಕಲು. ತಿಲಾಪಿಯಾ ಅಷ್ಟು ನಾಜೂಕಿಲ್ಲ, ಕಲಿಯುವವರಿಗೆ ಧೈರ್ಯ ಕೊಡುತ್ತದೆ. ಕೊರಮೀನಿಗೆ ಕಪ್ಪೆಯಂಥ ದೊಡ್ಡ ಗೊಂಬೆ ಬೇಕು. ನದಿಯಲ್ಲಿ ಮೀನಿನ ಹಕ್ಕು ಬಹಳ ಕಡೆ ಮೀನುಗಾರರ ಸಂಘಗಳಿಗೆ ಇರುತ್ತದೆ, ಅವರನ್ನೂ ಮೀನುಗಾರಿಕೆ ಕಚೇರಿಯನ್ನೂ ಕೇಳಿಯೇ ಹೋಗಿ. ಅವರ ಬಲೆ ಹಾಕಿದ ಕಡೆ ಬೀಸಬೇಡಿ. ಅದು ಅವರ ಹೊಟ್ಟೆಪಾಡು, ನಮ್ಮದು ಶೋಕಿ.

ಅಪಾಯ ಏನಾದರೂ ಇದೆಯಾ?

ಇದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಥಣಿ, ಜಮಖಂಡಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನೀರಿಗಿಳಿದು ಮೀನು ಹಿಡಿಯುವ ಮಾತು ಅಲ್ಲಿ ಬೇಡ.

ಅದಕ್ಕಿಂತ ದೊಡ್ಡದು ಅಣೆಕಟ್ಟಿನ ನೀರು. 2014ರ ಜೂನ್ 8ರಂದು ಹಿಮಾಚಲದ ಥಲೌಟ್ ಬಳಿ ಲಾರ್ಜಿ ಅಣೆಕಟ್ಟಿನ ನೀರು ಬಿಯಾಸ್ ನದಿಯಲ್ಲಿ ಏರಿ, ಹೈದರಾಬಾದಿನಿಂದ ಬಂದಿದ್ದ 24 ವಿದ್ಯಾರ್ಥಿಗಳು ಕೊಚ್ಚಿ ಹೋದರು. ಫೋಟೋ ತೆಗೆಸಿಕೊಳ್ಳಲು ಬಂಡೆಯ ಮೇಲೆ ನಿಂತಿದ್ದವರು. ಆ ಜಾಗ ತೀರ್ಥನ್ನಿಗೆ ಹೋಗುವ ದಾರಿಯಲ್ಲೇ ಇದೆ, ಬಸ್ಸು ಅದನ್ನು ದಾಟುವಾಗ ನಾನು ಕಿಟಕಿಯಿಂದ ಆಚೆ ನೋಡುವುದಿಲ್ಲ. ಹಿಡಕಲ್ ಅಣೆಕಟ್ಟಿನ ಕೆಳಗೂ ನವಿಲುತೀರ್ಥದ ಕೆಳಗೂ ಇದೇ ಲೆಕ್ಕ. ತಿಳಿನೀರು ಇದ್ದಕ್ಕಿದ್ದಂತೆ ಬಗ್ಗಡವಾದರೆ, ಕಸಕಡ್ಡಿ ತೇಲಿ ಬಂದರೆ, ಸಾಮಾನು ಬಿಟ್ಟು ಮೇಲೆ ಹತ್ತಿ.

ಹಿಮಾಚಲದ ನೀರಿನಲ್ಲಿ ಹತ್ತು ನಿಮಿಷಕ್ಕೆ ಕಾಲು ಮರಗಟ್ಟುತ್ತದೆ. ಒಂದು ಗಟ್ಟಿ ಕೋಲು ಇರಲಿ, ಒಬ್ಬರೇ ಇಳಿಯಬೇಡಿ.

ಹಿಡಿದು ಮತ್ತೆ ಬಿಡುವುದಾದರೆ ಹಿಡಿಯುವುದು ಯಾಕೆ?

ನಮ್ಮವ್ವನದೂ ಇದೇ ಪ್ರಶ್ನೆ. "ತಿನ್ನೂದಿಲ್ಲಂದ್ರ ಅದರ ಬಾಯಿ ಯಾಕ ಹರೀತಿ?" ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ನಿಯಮ ಒಪ್ಪಿದರೆ ಒಂದೋ ಎರಡೋ ತಿನ್ನುವುದರಲ್ಲಿ ತಪ್ಪು ಕಾಣುವುದಿಲ್ಲ, ನಾನೂ ತಿಂದಿದ್ದೇನೆ. ಬಿಡುವುದಾದರೆ ಸರಿಯಾಗಿ ಬಿಡಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ. ಹರಿವಿಗೆ ಮುಖ ಮಾಡಿ ಹಿಡಿದುಕೊಂಡರೆ ತಾನೇ ಬಾಲ ಬೀಸಿ ಹೋಗುತ್ತದೆ.

ಒಂದು ಮಾತು ಸೇರಿಸಬೇಕು. ಅಲ್ಲಿನ ನದಿಗಳ ಮೂಲ ನಿವಾಸಿ ಸ್ನೋ ಟ್ರೌಟ್. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ರೋಹು, ಕೆಂಡೆಗಳ ಬಳಗದ್ದು. ಅದು ಸಿಕ್ಕರೆ ಮೊದಲು ಬಿಡಿ. ಅದರದ್ದೇ ಮನೆ, ಉಳಿದವರೆಲ್ಲ ಬಾಡಿಗೆಯವರು.

ದಿನಕ್ಕೆ ಎಷ್ಟು ಸಿಗುತ್ತವೆ?

ಮೊದಲ ಪ್ರವಾಸದಲ್ಲಿ ನಾಲ್ಕು ದಿನಕ್ಕೆ ಸೊನ್ನೆ. ಎರಡನೆಯ ಸಲ ಐದು ದಿನಕ್ಕೆ ಎರಡು. ಮೂರನೆಯ ಸಲ ಜೊತೆಗಿದ್ದ ಗೈಡ್ ಬೆಳಗ್ಗೆಯಿಂದ ಬೀಸಲೇ ಬಿಡಲಿಲ್ಲ. ಒಂದು ಮಡುವಿನ ಕೆಳಗೆ, ಪೊದೆಯ ಮರೆಯಲ್ಲಿ ಕೂರಿಸಿದ. ಮುಕ್ಕಾಲು ಗಂಟೆ ಕೂತೆವು. ಚೀಲದಲ್ಲಿದ್ದ ಕರದಂಟು ಮುರಿದು ಅವನಿಗರ್ಧ ಕೊಟ್ಟೆ. ಏನೂ ಇಲ್ಲ ಅಂದುಕೊಂಡಿದ್ದ ಕಲ್ಲುಗಳ ನಡುವೆ ಒಂದೊಂದೇ ನೆರಳು ಅಲುಗತೊಡಗಿತು. ಎಣಿಸಿದರೆ ಏಳು. ಎದ್ದೇಳದೆ ಒಂದೇ ಸಲ ಬೀಸಿದೆ, ನಡುವಿನದು ಬಂತು. ಒಂದು ಗೇಣು ಇತ್ತು ಅಷ್ಟೇ. ಉಳಿದ ಆರೂ ಆ ಗದ್ದಲಕ್ಕೆ ಮಾಯ. ಅವತ್ತಿನ ಲೆಕ್ಕ ಒಂದು.